ತೋರಿಸುವವನ ಕೂಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತುವಾಗ ಪಕ್ಕದಲ್ಲಿ ಹಣ ಕೊಟ್ಟು ಒಬ್ಬ ಗೈಡನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂಬುದನ್ನು ಮಾತ್ರ ಅವರು ಹೇಳಿ ಹೋಗಲಿಲ್ಲ. ಅವರ ಕಾಲದಲ್ಲಿ ಛತ್ರದ ಜಗುಲಿಯಲ್ಲಿ ಕುಳಿತ ಯಾವನೋ ಪುಣ್ಯಾತ್ಮ ಎಲೆ ಅಡಿಕೆಗೆ ತೃಪ್ತನಾಗಿ ಸ್ಥಳಪುರಾಣವನ್ನೆಲ್ಲ ಹೇಳಿಬಿಡುತ್ತಿದ್ದನೇನೋ. ಈಗ ಅಂಥ ಪುಣ್ಯಾತ್ಮರೂ ವಿರಳ, ಕೇಳುವ ಪುರುಸೊತ್ತೂ ವಿರಳ. ಆದುದರಿಂದ ಪ್ರವಾಸಕ್ಕೆ ಹೊರಟ ಗೃಹಸ್ಥನ ಮುಂದೆ ಬಸ್ಸಿನ ಖರ್ಚು, ಊಟದ ಖರ್ಚುಗಳ ಜೊತೆಗೆ ಈ ಮೂರನೆಯ ಖರ್ಚಿನ ಪ್ರಶ್ನೆಯೂ ಬಂದು ನಿಲ್ಲುತ್ತದೆ.

ಇಂಥ ಖರ್ಚಿನಲ್ಲಿ ಎರಡು ಜಾತಿ ಉಂಟು. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ವಿಹಾರವನಕ್ಕೆ ಹೋದವರಿಗೆ ಮೊದಲನೆಯದರ ಪರಿಚಯವಿದೆ. ಅಲ್ಲಿ ಸಾಧಾರಣ ಚೀಟಿಯೊಂದು, ಫಾಸ್ಟ್‌ಟ್ರ್ಯಾಕ್ ಎಂಬ ಹೆಚ್ಚಿನ ಬೆಲೆಯ ಚೀಟಿಯೊಂದು. ಎರಡನೆಯದನ್ನು ಕೊಂಡವನ ಸಾಲು ಚಿಕ್ಕದು, ಬಿಸಿಲು ಕಡಿಮೆ. ಅಮೆರಿಕದ ಡಿಸ್ನಿ ವನಗಳಲ್ಲಿ ಇದೇ ವ್ಯವಸ್ಥೆ ಶಿಖರಕ್ಕೇರಿದೆ. ಹತ್ತು ಜನರವರೆಗಿನ ಗುಂಪಿಗೆ ಖಾಸಗಿ ಮಾರ್ಗದರ್ಶಿಯೊಬ್ಬ ದೊರೆಯುತ್ತಾನೆ. ಗಂಟೆಗೆ ನೂರಾರು ಡಾಲರು, ಅದೂ ಕನಿಷ್ಠ ಏಳು ಗಂಟೆಗಳ ಕರಾರಿನ ಮೇಲೆ. ಅಷ್ಟು ತೆತ್ತವನಿಗೆ ಮುಖ್ಯವಾಗಿ ಸಿಕ್ಕುವುದು ಕಾಯದಿರುವ ಸೌಕರ್ಯ. ಅಲ್ಲಿನ ಉಯ್ಯಾಲೆಗೆ ವ್ಯಾಖ್ಯಾನ ಬೇಕಿಲ್ಲ. ಹತ್ತಿದವನ ಎದೆಯೇ ಅದಕ್ಕೆ ವ್ಯಾಖ್ಯಾನ. ಸಮಯವನ್ನು ದುಡ್ಡಿನಿಂದ ಅಳೆಯಬಲ್ಲವರಿಗೆ ಆ ವ್ಯಾಪಾರ ಒಪ್ಪಿಗೆಯಾಗಬಹುದು. ಆದರೆ ಕಂಡರೂ ಕಾಣದಂತಿರುವ ವಸ್ತುವಿನ ಮುಂದೆ ನಿಲ್ಲಿಸಿ, 'ಇಲ್ಲಿ ನೋಡಿ' ಎನ್ನುವವನಿಗೆ ಕೊಡುವ ಕೂಲಿ ಬೇರೆ. ಅದು ಎರಡನೆಯ ಜಾತಿ. ಅದರ ಬೆಲೆ ಕಟ್ಟುವುದು ಅಷ್ಟು ಸುಲಭವಲ್ಲ.

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ, ಹೆದ್ದಾರಿಯ ಬದಿಯಲ್ಲಿರುವ ಮಾಚೇನಹಳ್ಳಿಯ ಗೃಹಸ್ಥನೊಬ್ಬ ಈ ಬೆಲೆಯನ್ನು ಕಟ್ಟಿ ನೋಡಿದ ಪ್ರಸಂಗವೊಂದುಂಟು. ಆತ ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಯಾಗಾರವೊಂದರಲ್ಲಿ ಟರ್ನರ್. ಲೇತಿನ ಮುಂದೆ ನಿಂತು ಇಪ್ಪತ್ತು ವರ್ಷ ಕಬ್ಬಿಣ ಹೆರೆದವನು. ಆತನ ತಂದೆ 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ತೀರಿಕೊಂಡವರು. ಕೂದಲೆಳೆಯ ವ್ಯತ್ಯಾಸವನ್ನೂ ಅಳೆದು ನೋಡುವ ಕಸಬಿನವನಾದ್ದರಿಂದ ಆತನಿಗೆ ಬಾಯಿಮಾತಿನ ಮೇಲೆ ನಂಬಿಕೆ ಕಡಿಮೆ. ಗೈಡುಗಳ ಮೇಲಂತೂ ಇಲ್ಲವೇ ಇಲ್ಲ.

ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಹೆಸರಾಂತ ಕ್ಷೇತ್ರವೊಂದರಲ್ಲಿ ಗೈಡೊಬ್ಬ ಆತನನ್ನೂ ಸಂಸಾರವನ್ನೂ ಇಪ್ಪತ್ತು ನಿಮಿಷಗಳಲ್ಲಿ ಗುಡಿಯ ಸುತ್ತ ಓಡಿಸಿ, ಕಂಠಪಾಠ ಒಪ್ಪಿಸಿ, ಕಡೆಗೆ ಶ್ರೀಗಂಧದ ಬೊಂಬೆಗಳ ಅಂಗಡಿಯೊಂದರ ಮುಂದೆ ತಂದು ಬಿಟ್ಟಿದ್ದ. ಒಳಗೆ ಹೋಗಿ ಬೆಲೆ ಕೇಳಿದಾಗ ಗುಟ್ಟು ತಿಳಿಯಿತು. ಅಂದಿನಿಂದ ಆತನದು ಒಂದೇ ಸಿದ್ಧಾಂತ: ಫಲಕ ಓದಲು ಬರುತ್ತದೆ, ಜೇಬಿನಲ್ಲಿ ಮೊಬೈಲು ಇದೆ, ಕಣ್ಣು ಎರಡಿವೆ, ಮತ್ತೊಬ್ಬನಿಗೆ ಏಕೆ ದುಡ್ಡು?

ಆದರೆ ಈ ಸಲ ಬೇಲೂರಿಗೆ ಹೊರಟಿದ್ದು ಆತನ ಸಲುವಾಗಿ ಅಲ್ಲ, ತಾಯಿಯ ಸಲುವಾಗಿ. ಮುದುಕಿಗೆ ಎಪ್ಪತ್ತು ಕಳೆದಿದೆ. ಗ್ಲಾಕೋಮದಿಂದ ಎರಡು ಕಣ್ಣಿನ ನರಗಳೂ ಬಾಡಿ, ಈಗ ಬೆಳಕಿದೆಯೇ ಇಲ್ಲವೇ ಎಂಬಷ್ಟು ಮಾತ್ರ ತಿಳಿಯುತ್ತದೆ. ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದಿತ್ತು. ಈ ರೋಗದಲ್ಲಿ ಹೋದ ದೃಷ್ಟಿ ಹಿಂದಿರುಗುವುದಿಲ್ಲ. ಗಂಡ ಬದುಕಿದ್ದಾಗ, 'ಈ ವರ್ಷ ಬೇಲೂರು ತೋರಿಸುತ್ತೇನೆ' ಎಂದು ಎಷ್ಟೋ ವರ್ಷ ಹೇಳಿದ್ದರು. ಒಂದು ವರ್ಷ ಮಗಳ ಮದುವೆ, ಒಂದು ವರ್ಷ ಮನೆಯ ಸೂರು, ಹೀಗೆ ಬೇಲೂರು ಹಿಂದೆ ಹಿಂದೆ ಸರಿಯಿತು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವೆಂದು ಮೊಮ್ಮಗಳು ಒಂದು ದಿನ ಪಾಠ ಓದುತ್ತಿದ್ದಾಗ ಮುದುಕಿ, "ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ ನಿಲ್ಲಿಸ್ರಪ್ಪ. ಕಾಣದಿದ್ದರೆ ಬೇಡ, ಗಾಳಿಯಾದರೂ ಸೋಕಲಿ" ಎಂದರು. ಆ ಮಾತು ಮಗನ ಎದೆಗೆ ಚುಚ್ಚಿತು.

ತರೀಕೆರೆ, ಚಿಕ್ಕಮಗಳೂರುಗಳ ದಾರಿಯಲ್ಲಿ ಬೇಲೂರು ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಗೋಪುರದ ಬಳಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನಡುವಯಸ್ಸಿನವನೊಬ್ಬ ಹತ್ತಿರ ಬಂದು, "ಗೈಡು ಬೇಕೇ ಸ್ವಾಮಿ?" ಎಂದ. ಟರ್ನರ್ ಎಂದಿನ ಅಭ್ಯಾಸದಂತೆ ಕೈಯಾಡಿಸಿ ಮುಂದೆ ಹೋದ.

ಒಳಗೆ ಆತ ತಾಯಿಯ ಕೈಹಿಡಿದು ಜಗತಿಯ ಮೆಟ್ಟಿಲು ಹತ್ತಿಸಿ, ಫಲಕದಲ್ಲಿದ್ದುದನ್ನು ಗಟ್ಟಿಯಾಗಿ ಓದಿದ. ವಿಷ್ಣುವರ್ಧನ ಕಟ್ಟಿಸಿದ್ದು, 1117ರದು. ಅನಂತರ ತಲೆಯೆತ್ತಿ ನೋಡಿ, "ಅವ್ವ, ಗೋಡೆ ತುಂಬ ಬೊಂಬೆಗಳಿವೆ. ಬಹಳ ಚೆನ್ನಾಗಿವೆ" ಎಂದ. ಮುದುಕಿ, "ಹೌದೇನಪ್ಪ?" ಎಂದರು. ಆತ ಇನ್ನೂ ನಾಲ್ಕು ಹೆಜ್ಜೆ ನಡೆಸಿ, "ಇಲ್ಲೂ ಬೊಂಬೆಗಳಿವೆ" ಎಂದ. "ಹೌದೇನಪ್ಪ?" ಎಂದು ಮುದುಕಿ ಮತ್ತೆ ಎಂದರು. ಮೂರನೆಯ ಸಲ ಆತನಿಗೆ ಮಾತು ಹೊರಡಲಿಲ್ಲ. ಕಣ್ಣು ಎರಡಿದ್ದವು, ಅವು ಕಂಡದ್ದನ್ನು ತಾಯಿಗೆ ದಾಟಿಸುವ ಒಂದು ಪದವೂ ಬಾಯಲ್ಲಿರಲಿಲ್ಲ. ಕಾಣದವರ ಮುಂದೆ ನಿಂತಾಗಲೇ ತಾನು ಎಷ್ಟು ಕಡಿಮೆ ಕಂಡಿದ್ದೇನೆಂಬುದು ಆತನಿಗೆ ತಿಳಿದದ್ದು. ಮಗಳನ್ನು ಅಜ್ಜಿಯ ಬಳಿ ನಿಲ್ಲಿಸಿ, ಸರಸರನೆ ಗೋಪುರದ ಕಡೆಗೆ ನಡೆದ.

ಗೈಡು ಬಂದವನು ಒಂದು ಕ್ಷಣ ಮುದುಕಿಯ ಮುಖ ನೋಡಿದ, ಏನೂ ಕೇಳಲಿಲ್ಲ. ಅವರನ್ನು ನೆರಳಿನಲ್ಲಿ ಜಗತಿಯ ಮೇಲೆ ಕೂರಿಸಿ, ನೆಲದ ಕಲ್ಲಿನ ಮೇಲೆ ಅಂಗೈ ಇಡಲು ಹೇಳಿದ. "ಅಜ್ಜಿ, ಈ ಗುಡಿಯ ಶಿಲ್ಪವೆಲ್ಲ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಗುಲಿದಂತೆ ಗಟ್ಟಿಯಾಗುತ್ತದೆ. ಬಾಣಂತಿ ಮಗುವನ್ನು ನೀವಿ ನೀವಿ ತಿದ್ದುವಂತೆ, ಮೆತ್ತಗಿರುವಾಗಲೇ ತಿದ್ದಿದ್ದಾರೆ" ಎಂದ. ಮುದುಕಿ ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಈಗ ನಿಮ್ಮ ತಲೆಯ ಮೇಲೆ, ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ, ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಒಂದು ಕೈಯಲ್ಲಿ ಕನ್ನಡಿ. ಇನ್ನೊಂದು ಕೈ ಸಿಂಗಾರದಲ್ಲಿ ತೊಡಗಿದೆ."

"ಮದುವೆಗೆ ಹೊರಟವಳ ಹಾಗೋ?"

"ಅಲ್ಲ ಅಜ್ಜಿ. ಯಾರೂ ನೋಡುತ್ತಿಲ್ಲ ಎಂದುಕೊಂಡವಳ ಹಾಗೆ."

ಮುದುಕಿ ನಕ್ಕರು. ಟರ್ನರ್ ಮೊದಲು ಮೇಲೆ ನೋಡಿದ, ಆಮೇಲೆ ತಾಯಿಯನ್ನು ನೋಡಿದ. ತಾನು 'ಬೊಂಬೆ' ಎಂದು ದಾಟಿ ಬಂದಿದ್ದ ಆಕೃತಿಗೆ ಈಗ ಒಂದು ಮುಖವಿತ್ತು. ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರೆಂದು ಗೈಡು ಹೇಳಿದ. ಆದರೆ ಎಲ್ಲರನ್ನೂ ತೋರಿಸುವ ಆತುರ ಆತನಿಗಿರಲಿಲ್ಲ. ಸೀರೆಯ ಸೆರಗೆಳೆಯುವ ಕೋತಿಯ ಮುಂದೆ ಒಂದಷ್ಟು ಹೊತ್ತು, ಹಣ್ಣಿನ ಮೇಲೆ ಕುಳಿತ ನೊಣಕ್ಕೆ ಹೊಂಚು ಹಾಕಿದ ಹಲ್ಲಿಯ ಮುಂದೆ ಒಂದಷ್ಟು ಹೊತ್ತು. ಮೊಮ್ಮಗಳು ಆ ನೊಣವನ್ನು ಹುಡುಕಿ ಕಂಡಾಗ ಕೂಗಿದ ಕೂಗಿಗೆ ಸುತ್ತಲಿನವರೂ ತಿರುಗಿ ನೋಡಿದರು.

ಕಪ್ಪೆ ಚೆನ್ನಿಗರಾಯನ ಗುಡಿಯ ಬಳಿ ಜಕಣಾಚಾರಿಯ ಮಾತು ಬಂತು. ಮಗ ಡಂಕಣ ತಂದೆ ಕಡೆದ ವಿಗ್ರಹದಲ್ಲಿ ದೋಷವಿದೆ ಎಂದದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಟದ್ದು, ತಂದೆ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಎಲ್ಲವೂ ಮುದುಕಿಗೆ ಗೊತ್ತಿತ್ತು. "ಅದು ನಡೆದದ್ದೇನಪ್ಪ?" ಎಂದು ಕೇಳಿದರು.

ಬೊಂಬೆಯಂಗಡಿಯ ಗೈಡಾಗಿದ್ದರೆ ಆಣೆಯಿಟ್ಟು ಹೌದೆನ್ನುತ್ತಿದ್ದ. ಈತ, "ಕಥೆ ಜನರದು ಅಜ್ಜಿ. ಇಲ್ಲಿಯ ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ಹೆಸರು ಕೊರೆದಿದ್ದಾರೆ. ಅವುಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಮದನಿಕೆಯರ ಪಾದದ ಬಳಿ ಕಾಣುವ ಹೆಸರುಗಳಲ್ಲಿ ಒಂದು ದಾಸೋಜ, ಇನ್ನೊಂದು ಆತನ ಮಗ ಚಾವಣ. ಬಳ್ಳಿಗಾವೆಯವರು" ಎಂದ.

ಮುದುಕಿ ಗೋಡೆ ಹಿಡಿದು ನಿಂತರು. "ಯಾವ ಬಳ್ಳಿಗಾವೆ? ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವೆಯೋ?"

"ಅದೇ ಅಜ್ಜಿ."

"ಲೋ ಮಗ, ಅದು ನನ್ನ ತವರಿನ ದಾರಿಯಲ್ಲವೇನೋ! ಕೇದಾರೇಶ್ವರನ ಗುಡಿಯ ಮುಂದೆ ಎಷ್ಟು ಸಲ ಗಾಡಿ ಬಿಚ್ಚಿದ್ದೇವೆ. ಅಲ್ಲಿಂದ ಇಲ್ಲಿಯವರೆಗೆ ಅಪ್ಪ-ಮಗ ಇಬ್ಬರೂ ಉಳಿ ಹಿಡಿದು ಬಂದರೇ!" ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ, ನೀನು ಇದ್ದ ಹಾಗೆ" ಎಂದರು. ಟರ್ನರ್ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡ.

ನವರಂಗದ ಕತ್ತಲೆಯಲ್ಲಿ ಪಾತ್ರಗಳು ಬದಲಾದವು. ಗೈಡು ದೀಪ ಹಿಡಿದು ಕಂಬಗಳನ್ನು ತೋರಿಸಿ, ತಿರುಗಣಿಗೆ ಕೊಟ್ಟು ಹೆರೆದವು ಎಂದ. ಟರ್ನರ್ ಬಗ್ಗಿ ನೋಡಿದ. ಒಂದರ ಕೆಳಗೊಂದು ಬಳೆ ಜೋಡಿಸಿದಂತಹ ಗೆರೆಗಳು, ಎಲ್ಲಿಯೂ ಅಲುಗಿಲ್ಲ. ಕೇಂದ್ರ ಒಂದಿಷ್ಟು ತಪ್ಪಿದರೆ ಗೆರೆ ಹೇಗೆ ಓಲಾಡುತ್ತದೆ, ಹೆರೆಯುವ ಹತಾರವನ್ನು ಎಷ್ಟು ಸ್ಥಿರವಾಗಿ ಹಿಡಿಯಬೇಕು, ಇಷ್ಟು ಭಾರದ ಕಲ್ಲನ್ನು ಒಂದೇ ವೇಗದಲ್ಲಿ ತಿರುಗಿಸುವುದು ಎಂಥ ಕಷ್ಟ ಎಂಬುದನ್ನೆಲ್ಲ ಆತ ತಾಯಿಗೆ ಹೇಳುತ್ತ ಹೋದ. ಬೆಳಗ್ಗೆ 'ಚೆನ್ನಾಗಿದೆ' ಎಂಬುದರಾಚೆಗೆ ಹೋಗದಿದ್ದ ಬಾಯಿ ಈಗ ನಿಲ್ಲಲೊಲ್ಲದು. "ಇದನ್ನು ಹೇಗಯ್ಯಾ ತಿರುಗಿಸಿದರು?" ಎಂದು ಕಡೆಗೆ ಗೈಡನ್ನು ಕೇಳಿದ. ಆತ ಕೈಮುಗಿದು, "ಅದನ್ನು ನೀವೇ ಹೇಳಬೇಕು ಸ್ವಾಮಿ. ನನಗೆ ಇಲ್ಲಿಯವರೆಗೆ ಇಷ್ಟನ್ನು ಯಾರೂ ಹೇಳಿರಲಿಲ್ಲ" ಎಂದ.

ಹೊರಬಂದ ಮೇಲೆ ಗೊತ್ತಾದ ಕೂಲಿಯನ್ನು ಕೊಟ್ಟು, ಮೇಲೊಂದು ನೋಟನ್ನೂ ಇಟ್ಟ. ಒಂದು ದಿನದ ದುಡಿಮೆಯ ಗಣನೀಯ ಭಾಗವೇ ಅದಾಗಿತ್ತು. ಆದರೆ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕುವ ಆತನ ಹಳೆಯ ಚಾಳಿ ಅಂದು ಮರೆತುಹೋಗಿತ್ತು.

ಹಾಗೆಂದು ಎಲ್ಲ ಕಡೆಯೂ ಗೈಡು ಬೇಕೆಂದು ವಾದಿಸುವುದು ಮೌಢ್ಯವಾದೀತು. ಜೋಗದ ಅಂಚಿನಲ್ಲಿ ನಿಂತವನಿಗೆ 830 ಅಡಿಗಳ ಧುಮುಕನ್ನು ಮತ್ತೊಬ್ಬ ವಿವರಿಸಬೇಕಾಗಿಲ್ಲ. ಅಲ್ಲಿ ಮೌನವೇ ಸಾಕು. ಸಕ್ರೆಬೈಲಿನಲ್ಲಿ ಆನೆಗಳು ಮಿಂದು ಮೇಲೇಳುವುದನ್ನು ನೋಡಲು ಕಣ್ಣು ಸಾಕು. ಹೆಚ್ಚು ತಿಳಿಯಬೇಕೆಂದವನು ಮಾವುತನನ್ನು ವಿನಯದಿಂದ ಕೇಳಿದರಾಯಿತು. ತಾನಾಗಿ ಮಾತಾಡುವ ವಸ್ತುವಿಗೆ ದುಭಾಷಿ ಬೇಡ. ಮಾತನ್ನು ಒಳಗಿಟ್ಟುಕೊಂಡ ವಸ್ತುವಿಗೆ ಬೇಕು. ಬೇಕಾದಾಗಲೂ ಗುರುತಿನ ಚೀಟಿ ನೋಡಿ, ಹೊತ್ತನ್ನೂ ಹಣವನ್ನೂ ಮೊದಲೇ ಗೊತ್ತು ಮಾಡಿಕೊಂಡು, ಅಂಗಡಿಗೆ ಬರುವುದಿಲ್ಲವೆಂದು ಆಗಲೇ ಹೇಳಿಬಿಡುವುದು ಜಾಣತನ. ಕೈ ಬಿಗಿಯಿದ್ದವರು ಇನ್ನೊಂದು ಸಂಸಾರದ ಜೊತೆ ಸೇರಿ ಖರ್ಚನ್ನು ಹಂಚಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳಬೇಕು. ಕೇಳದವನ ಮುಂದೆ ಎಂಥ ಗೈಡೂ ಕಂಠಪಾಠಕ್ಕೇ ಇಳಿಯುತ್ತಾನೆ. ಕೇಳುವವನ ಮುಂದೆ ಕಂಠಪಾಠದವನೂ ಒಮ್ಮೊಮ್ಮೆ ಮನುಷ್ಯನಾಗುತ್ತಾನೆ. ಮೊಬೈಲಿನ ಪೆಟ್ಟಿಗೆ ಇಸವಿಯನ್ನು ತಪ್ಪಿಲ್ಲದೆ ಹೇಳೀತು. ಎದುರಿಗೆ ಕುಳಿತ ಮುದುಕಿಗೆ ಕಣ್ಣಿಲ್ಲವೆಂದು ಕಂಡುಕೊಂಡು, ಅಂಗೈಯನ್ನು ಕಲ್ಲಿನ ಮೇಲಿಡಿಸುವುದು ಅದಕ್ಕೆ ತೋಚುವುದು ಕಷ್ಟ.

ಕೊಟ್ಟ ಕೂಲಿ ಸಾರ್ಥಕವಾಯಿತೇ ಎಂಬುದಕ್ಕೆ ನಿಜವಾದ ಉತ್ತರ ಮುಂದಿನ ಭಾನುವಾರ ದೊರೆಯಿತು. ಭದ್ರಾವತಿಯ ಹಳೆಯ ಪೇಟೆಯಲ್ಲಿ, ಊರಿಗೆ ಬೆಂಕಿಪುರವೆಂಬ ಹೆಸರಿದ್ದ ಕಾಲದಿಂದಲೂ ನಿಂತಿರುವ ಲಕ್ಷ್ಮೀನರಸಿಂಹನ ಗುಡಿಯುಂಟು. ಹದಿಮೂರನೆಯ ಶತಮಾನದ ಹೊಯ್ಸಳರ ಕಟ್ಟಡ, ಮೂರು ಗರ್ಭಗುಡಿಗಳ ತ್ರಿಕೂಟ. ಟರ್ನರ್ ಹುಟ್ಟಿದಾಗಿನಿಂದ ಅದರ ಮುಂದೆ ನೂರಾರು ಸಲ ಹಾದುಹೋಗಿದ್ದ; ಹಣ್ಣುಕಾಯಿ ಮಾಡಿಸಿದ್ದ; ಗೋಡೆಯನ್ನು ನೋಡಿರಲಿಲ್ಲ. ಅಲ್ಲಿ ಕರೆದು ತೋರಿಸುವ ಗೈಡು ಯಾರೂ ಅಂದು ಕಾಣಲಿಲ್ಲ. ಆತ ತಾಯಿಯನ್ನು ಜಗತಿಯ ಮೇಲೆ ಕೂರಿಸಿ, ಅಂಗೈಯನ್ನು ಕಲ್ಲಿನ ಮೇಲಿಟ್ಟು, "ಅವ್ವ, ಇದೂ ಅದೇ ಬಳಪದ ಕಲ್ಲು. ಗುಡಿಯ ಗೋಡೆ ನೆಟ್ಟಗೆ ಹೋಗುವುದಿಲ್ಲ. ನಕ್ಷತ್ರದ ಮೂಲೆಗಳ ಹಾಗೆ ಮುರಿದು ಮುರಿದು ತಿರುಗುತ್ತದೆ. ಈ ಮೂಲೆಯಲ್ಲಿ..." ಎಂದು ಆರಂಭಿಸಿದ. ಒಂದೆರಡು ಕಡೆ ತಡವರಿಸಿದ; ದೇವತೆಯ ಹೆಸರು ತಿಳಿಯದ ಕಡೆ, ತಿಳಿಯದೆಂದು ಒಪ್ಪಿಕೊಂಡು ಕೈಯಲ್ಲಿ ಹಿಡಿದ ಆಯುಧಗಳನ್ನು ಮಾತ್ರ ಹೇಳಿದ. ಮುದುಕಿ ನಡುನಡುವೆ ಪ್ರಶ್ನೆ ಕೇಳಿದರು.

ಸುತ್ತು ಮುಗಿದ ಮೇಲೆ ಅವರು ಸೆರಗಿನ ಗಂಟನ್ನು ಬಿಚ್ಚುವವರಂತೆ ಮಾಡಿ, "ನಿನಗೆಷ್ಟು ಕೊಡಬೇಕಪ್ಪ ಕೂಲಿ?" ಎಂದು ಕೇಳಿದರು.