ಆಗುಂಬೆ ಘಾಟಿಯಲ್ಲಿ ಜಾರಿದ್ದು ಯಾವುದು?

ಮಲೆನಾಡಿನಿಂದ ಕರಾವಳಿಗೆ ಇಳಿಯಲು ದಾರಿಗಳು ಹಲವು. ಹುಲಿಕಲ್ಲು, ಕೊಲ್ಲೂರು, ಚಾರ್ಮಾಡಿ, ಶಿರಾಡಿ ಎಂದು ಹೆಸರು ಹೇಳುತ್ತ ಹೋದರೆ ಒಂದೊಂದು ಘಾಟಿಗೂ ಒಂದೊಂದು ಸ್ವಭಾವವಿರುವುದು ಗೊತ್ತಾಗುತ್ತದೆ. ಆದರೆ ತೀರ್ಥಹಳ್ಳಿಯ ಕಡೆಯಿಂದ ಉಡುಪಿಗೆ ಹೊರಟವರಿಗೆ ಆಗುಂಬೆಯೇ ಹತ್ತಿರದ ದಾರಿ. ಆರುನೂರು ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಮುಗಿಲಿಗೆ ಮುಖವೊಡ್ಡಿ ಕುಳಿತ ಆ ಪುಟ್ಟ ಊರು ದಾಟಿದೊಡನೆ ನೆಲ ಕಾಲ ಕೆಳಗಿನಿಂದ ಸರಿದಂತಾಗಿ, 14 ತಿರುವುಗಳ ಮೆಟ್ಟಿಲು ಸೋಮೇಶ್ವರದ ಕಾಡಿನೊಳಕ್ಕೆ ಇಳಿಯುತ್ತದೆ. ದೊಡ್ಡ ಬಸ್ಸುಗಳು ಇಲ್ಲಿ ಹೊರಳಲಾರವು. ಮಿನಿ ಬಸ್ಸುಗಳೇ ಈ ದಾರಿಯ ಒಡೆಯರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸ್ಥಳವನ್ನು ದಕ್ಷಿಣದ ಚಿರಾಪುಂಜಿ ಎಂದು ಕರೆಯುವುದು ವಾಡಿಕೆ.

ಇಂಥ ದಾರಿಯಲ್ಲಿ 2023ರ ಜುಲೈ ತಿಂಗಳಲ್ಲಿ ನಾನು ಕಾರು ನಡೆಸಿಕೊಂಡು ಹೋದೆ. ತಂದೆಯವರ ಕಣ್ಣಿನ ಪರೀಕ್ಷೆಗೆಂದು ಮಣಿಪಾಲಕ್ಕೆ ಹೊರಟಿದ್ದೆವು. ಕಾರು ನನ್ನದೇ, ಎರಡು ವರ್ಷದ ಹಿಂದೆ ಇನ್ನೊಬ್ಬರಿಂದ ಕೊಂಡ ಸಣ್ಣ ಕಾರು. ಮುಂದೆ ನನ್ನ ಪಕ್ಕದಲ್ಲಿ ತಂದೆಯವರು, ಹಿಂದೆ ನನ್ನ ಮಡದಿ ಮತ್ತು ಏಳು ವರ್ಷದ ಮಗಳು. ತೀರ್ಥಹಳ್ಳಿಯಲ್ಲಿ ತುಂತುರಾಗಿದ್ದ ಮಳೆ ಆಗುಂಬೆ ಮುಟ್ಟುವಾಗ ಧಾರೆಯಾಗಿತ್ತು. ಸೂರ್ಯಾಸ್ತದ ಕಟ್ಟೆಯ ಬಳಿ ನಿಂತು ನೋಡಿದರೆ ಸಮುದ್ರವೂ ಇಲ್ಲ, ಕಣಿವೆಯೂ ಇಲ್ಲ. ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ಬಿಳುಪು. ಮಗಳಿಗೆ ನಿರಾಶೆಯಾಯಿತು. “ಬರುವಾಗ ನೋಡೋಣ” ಎಂದು ಸಮಾಧಾನ ಹೇಳಿ ಇಳಿಯತೊಡಗಿದೆವು.

ಎರಡನೆಯ ಗೇರಿನಲ್ಲಿ ನಿಧಾನವಾಗಿಯೇ ಇಳಿಯುತ್ತಿದ್ದೆ. ಆದರೂ ನಾಲ್ಕಾರು ತಿರುವುಗಳು ಸುಸೂತ್ರವಾಗಿ ಕಳೆದ ಮೇಲೆ ಮನುಷ್ಯನಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ಆ ಧೈರ್ಯಕ್ಕೆ ಬುದ್ಧಿಯ ಆಧಾರವಿರುವುದಿಲ್ಲ. ಬಲಕ್ಕೆ ಹೊರಳುವ ಒಂದು ತಿರುವಿನಲ್ಲಿ ವೇಗ 25 ಕಿಲೋಮೀಟರ್ ಇದ್ದಿರಬೇಕು. ಅರ್ಧ ತಿರುಗುವಷ್ಟರಲ್ಲಿ ಕೆಳಗಿನಿಂದ ಒಂದು ಮಿನಿ ಬಸ್ಸಿನ ದೀಪಗಳು ಮಂಜಿನೊಳಗಿನಿಂದ ಎದ್ದುಬಂದವು. ಬೆಚ್ಚಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲಿಟ್ಟೆ. ಅದುವರೆಗೆ ನನ್ನ ಮಾತು ಕೇಳುತ್ತಿದ್ದ ಕಾರು ಆ ಕ್ಷಣದಿಂದ ಕೇಳಲಿಲ್ಲ. ಸ್ಟಿಯರಿಂಗ್ ಹಗುರಾಯಿತು, ಎದುರಿನ ಬೆಟ್ಟ ಪಕ್ಕಕ್ಕೆ ಸರಿಯಿತು, ಕಾರು ತನ್ನಷ್ಟಕ್ಕೆ ತಾನು ಅಡ್ಡಡ್ಡವಾಗಿ ಹೋಗಿ, ಕಣಿವೆಯ ಅಂಚಿನ ತಡೆಗೋಡೆಗೆ ಎರಡು ಗೇಣು ದೂರದಲ್ಲಿ ನಿಂತಿತು. ಮಿನಿ ಬಸ್ಸಿನ ಚಾಲಕ ತನ್ನ ವಾಹನ ನಿಲ್ಲಿಸಿ, ನಾವು ಸರಿಪಡಿಸಿಕೊಳ್ಳುವವರೆಗೆ ಕಾದು, ಒಂದು ಮಾತೂ ಆಡದೆ ಹೋದ. ಬೈದಿದ್ದರೆ ನನಗೆ ಎಷ್ಟೋ ಹಿತವೆನಿಸುತ್ತಿತ್ತು.

ತಂದೆಯವರು ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೇಳಿದರು: “ಬರುವಾಗ ನಾನು ಬಸ್ಸಿನಲ್ಲಿ ಬರುತ್ತೇನೆ.”

ಉಳಿದ ತಿರುವುಗಳನ್ನು ಹೇಗೆ ಇಳಿದೆನೋ ತಿಳಿಯದು. ಅಭಯಾರಣ್ಯದ ಮರಗಳ ನಡುವೆ ಸಾಗಿ, ಸೋಮೇಶ್ವರವನ್ನು ಹಿಂದೆ ಹಾಕಿ ಹೆಬ್ರಿ ಸೇರುವವರೆಗೂ ನನ್ನ ಮನಸ್ಸು ತಪ್ಪನ್ನು ಹೊರಿಸಲು ಯಾರನ್ನಾದರೂ ಹುಡುಕುತ್ತಲೇ ಇತ್ತು. ಮಳೆಯೇ ಕಾರಣವೆಂದುಕೊಂಡೆ. ರಸ್ತೆಯ ಮೇಲೆ ಎಣ್ಣೆ ಚೆಲ್ಲಿರಬೇಕೆಂದುಕೊಂಡೆ. ತಿಂಗಳ ಹಿಂದೆ ವೀಲ್ ಅಲೈನ್‌ಮೆಂಟ್ ಮಾಡಿಕೊಟ್ಟ ಹುಡುಗನ ಕೈಚಳಕವೇ ಸರಿಯಿರಲಿಲ್ಲವೆಂದುಕೊಂಡೆ. ಆ ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ.

ಹೆಬ್ರಿಯಲ್ಲಿ ಮನೆಯವರನ್ನೆಲ್ಲ ಒಂದು ಹೋಟೆಲಿನಲ್ಲಿ ಬಿಸಿ ಬನ್ಸಿನ ಮುಂದೆ ಕೂರಿಸಿ, ರಸ್ತೆಯ ಬದಿಯ ಒಂದು ಗ್ಯಾರೇಜಿಗೆ ಹೋದೆ. ಅರುವತ್ತು ದಾಟಿದ ಮೆಕ್ಯಾನಿಕ್ಕು ಮುಂಡಾಸು ಸುತ್ತಿಕೊಂಡು ಮಳೆ ನೋಡುತ್ತ ಕುಳಿತಿದ್ದರು. ನಾನು ಆದದ್ದನ್ನೆಲ್ಲ ವಿಸ್ತಾರವಾಗಿ ವರ್ಣಿಸಿದೆ. ಅವರು ಪೂರ್ತಿಯಾಗಿ ಕೇಳಿ, “ಅದೆಲ್ಲ ಇರಲಿ ಮಾಷ್ಟ್ರೇ. ಜಾರಿದ್ದು ಮೂತಿಯೋ, ಬಾಲವೋ?” ಎಂದು ಕೇಳಿದರು.

ನನಗೆ ಉತ್ತರ ತೋಚಲಿಲ್ಲ. “ಕಾರು ಜಾರಿತು” ಎಂದೆ.

“ಹಾಗೆ ಹೇಳಿದರೆ ಆಗುವುದಿಲ್ಲ ಮಾರಾಯ್ರೇ. ಹೊಟ್ಟೆನೋವು ಅಂತ ಬಂದವನ ಹತ್ತಿರ ಎಡಕ್ಕೋ ಬಲಕ್ಕೋ ಅಂತ ಡಾಕ್ಟರು ಕೇಳುವುದಿಲ್ವಾ?”

ಅವರು ವಿವರಿಸಿದ ತತ್ತ್ವ ಸರಳವಾದದ್ದು. ತಿರುವಿನಲ್ಲಿ ಕಾರು ಹತೋಟಿ ತಪ್ಪುವುದು ಎರಡು ಬಗೆಯಲ್ಲಿ. ಮುಂದಿನ ಚಕ್ರಗಳು ಹಿಡಿತ ಬಿಟ್ಟರೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿ ಹೊರಕ್ಕೆ ಹೋಗುತ್ತದೆ. ಹಿಂದಿನ ಚಕ್ರಗಳು ಹಿಡಿತ ಬಿಟ್ಟರೆ, ಮೂತಿ ಒಳಕ್ಕೆ ತಿರುಗಿ ಬಾಲ ಹೊರಕ್ಕೆ ಬೀಸುತ್ತದೆ. ಎರಡರ ಕಾರಣಗಳೂ ಬೇರೆ, ಚಿಕಿತ್ಸೆಯೂ ಬೇರೆ. ಯಾವುದೆಂದು ತಿಳಿಯದೆ ಸ್ಪಾನರು ಹಿಡಿದವನು ಹಣ ಕಳೆಯುತ್ತಾನೆ, ರೋಗ ಹಾಗೆಯೇ ಉಳಿಯುತ್ತದೆ.

ಉತ್ತರ ಕೊಟ್ಟವಳು ನನ್ನ ಮಗಳು. ಹೋಟೆಲಿಗೆ ಹೋಗಿ ಕೇಳಿದಾಗ ಎಡಬದಿಯ ಹಿಂದಿನ ಕಿಟಕಿಯ ಬಳಿ ಕುಳಿತಿದ್ದ ಅವಳು, “ಅಜ್ಜನ ಕಿಟಕಿಗೆ ಗೋಡೆ ಬರಲಿಲ್ಲ ಅಪ್ಪಾ, ನನ್ನ ಕಿಟಕಿಗೆ ಬಂತು” ಎಂದಳು. ಸಾಕ್ಷಿ ಸ್ಪಷ್ಟವಾಗಿತ್ತು. ಜಾರಿದ್ದು ಬಾಲ.

ಅಲ್ಲಿಂದ ಮುಂದೆ ಆ ಹಿರಿಯರು ಮಾಡಿದ ಪರೀಕ್ಷೆಯನ್ನು ನೋಡುವುದೇ ಒಂದು ಶಿಕ್ಷಣವಾಗಿತ್ತು. ಮೊದಲು ನಾಲ್ಕು ಟೈರಿನ ಗಾಳಿ ನೋಡಿದರು. ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚೀಟಿಯಲ್ಲಿ ಎಷ್ಟಿರಬೇಕೆಂದಿತ್ತೋ ಅಷ್ಟೇ ಇತ್ತು. ಅಲೈನ್‌ಮೆಂಟಿನ ಹುಡುಗನ ಮೇಲಿನ ನನ್ನ ದೂರು ಒಂದೇ ಮಾತಿನಲ್ಲಿ ವಜಾ ಆಯಿತು: ಅದು ಕೆಟ್ಟಿದ್ದರೆ ನೇರ ರಸ್ತೆಯಲ್ಲೂ ಕಾರು ಒಂದು ಬದಿಗೆ ಎಳೆಯಬೇಕಿತ್ತು, ಟೈರು ಒಂದೇ ಅಂಚಿನಲ್ಲಿ ಸವೆಯಬೇಕಿತ್ತು, ಎರಡೂ ಇರಲಿಲ್ಲ. ಆಮೇಲೆ ಕಾರಿನ ಹಿಂದಿನ ಒಂದೊಂದು ಮೂಲೆಯನ್ನೂ ಕೈಯಿಂದ ಬಲವಾಗಿ ಒತ್ತಿ ಬಿಟ್ಟರು. ಮೇಲೆದ್ದು ಒಂದೇ ಸಲಕ್ಕೆ ನಿಂತಿತು. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ತೊಟ್ಟಿಲಿನಂತೆ ತೂಗುತ್ತಿತ್ತಂತೆ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಬೇರಿಂಗಿನಲ್ಲಿ ಸಡಿಲವಿರಲಿಲ್ಲ. ಅಡಿಯಲ್ಲಿ ಮಲಗಿ ರಬ್ಬರಿನ ಬುಶ್ಶುಗಳನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ನೋಡಿದರು; ಬಿರುಕು ಇರಲಿಲ್ಲ.

ಕೊನೆಗೆ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಮುಂದಿನದ್ದು ಎರಡೂ ಹೊಸತು. ಹಿಂದಿನದ್ದು ಯಾವಾಗಿನದ್ದು ಮಾಷ್ಟ್ರೇ?” ಎಂದರು.

ಮೇ ತಿಂಗಳಲ್ಲಿ ಮುಂದಿನ ಎರಡು ಟೈರು ಸವೆದಿದ್ದವು. ಹೊಸದನ್ನು ಹಾಕಿಸಲು ಹೋದಾಗ ತಂದೆಯವರು ಜೊತೆಯಲ್ಲಿದ್ದರು. “ನಾಲ್ಕನ್ನೂ ಹಾಕಿಸಬಾರದೇ? ಮಳೆಗಾಲ ಬಂತು” ಎಂದಿದ್ದರು. ಹಿಂದಿನವುಗಳಲ್ಲಿ ಗೆರೆಗಳು ಇನ್ನೂ ಇದ್ದವು. “ಇದು ಇನ್ನೂ ಒಂದು ವರ್ಷ ಬರುತ್ತದೆ ಅಪ್ಪಾ, ಸುಮ್ಮನೆ ದುಡ್ಡು ದಂಡ” ಎಂದು ನಾನು ತಿಳಿದವನಂತೆ ಉತ್ತರಿಸಿದ್ದೆ.

ಮೆಕ್ಯಾನಿಕ್ಕು ಟೈರಿನ ಪಕ್ಕೆಯ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದರು: 1413. ಟೈರು ತಯಾರಾದದ್ದು 2013ನೆಯ ಇಸವಿಯ 14ನೆಯ ವಾರದಲ್ಲಿ ಎಂದು ಅದರ ಅರ್ಥ. ಹತ್ತು ವರ್ಷ ಕಳೆದಿತ್ತು. ಹಿಂದಿನ ಮಾಲೀಕರು ಕಾರನ್ನು ಹೆಚ್ಚಾಗಿ ಮನೆಯ ಮುಂದೆಯೇ ನಿಲ್ಲಿಸುತ್ತಿದ್ದುದರಿಂದ ಗೆರೆ ಪೂರ್ತಿ ಸವೆದಿರಲಿಲ್ಲ. ಆದರೆ ಬಿಸಿಲು ಗಾಳಿಗೆ ರಬ್ಬರು ಗಟ್ಟಿಯಾಗಿ, ಪಕ್ಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು. ಮುಂದಿನ ಟೈರಿಗೆ ಉಗುರು ಒತ್ತಿದರೆ ಊರುತ್ತಿತ್ತು; ಹಿಂದಿನದಕ್ಕೆ ಊರಲಿಲ್ಲ. ಗೆರೆಯ ಆಳ ಎರಡೂವರೆ ಮಿಲಿಮೀಟರ್. ಕಾಯಿದೆ ಕೇಳುವುದು 1.6 ಮಿಲಿಮೀಟರ್ ಮಾತ್ರ; ಆದರೆ ಆಗುಂಬೆಯ ಮಳೆ ಕಾಯಿದೆಯನ್ನು ಓದಿಲ್ಲವಲ್ಲ! ರಸ್ತೆಯ ನೀರನ್ನು ಹಿಂಡಿ ಹೊರಹಾಕುವುದು ಆ ಗೆರೆಗಳ ಕೆಲಸ. ಆಳ ಕಡಿಮೆಯಾದಷ್ಟೂ ನೀರು ಅಡಿಯಲ್ಲೇ ಉಳಿಯುತ್ತದೆ. ಹಳಗನ್ನಡ ಶಾಸನಗಳ ಸವೆದ ಅಕ್ಷರಗಳನ್ನು ಓದಿ ಕಾಲನಿರ್ಣಯ ಮಾಡುವುದು ಹೇಗೆಂದು ತರಗತಿಯಲ್ಲಿ ಪಾಠ ಹೇಳುವ ನಾನು, ನನ್ನ ಮನೆಯವರ ಜೀವ ಹೊತ್ತ ಟೈರಿನ ಮೇಲಿನ ನಾಲ್ಕು ಅಂಕಿಗಳನ್ನು ಎರಡು ವರ್ಷ ಓದಿರಲಿಲ್ಲ.

“ಇದೇ ಅಂತ ಈಗಲೇ ಹೇಳಬಾರದು. ನೋಡಿಯೇ ಹೇಳುವ” ಎಂದು ಅವರು ನನ್ನನ್ನು ಪಕ್ಕದಲ್ಲೇ ಇದ್ದ ಅಕ್ಕಿ ಗಿರಣಿಯ ಅಂಗಳಕ್ಕೆ ಕರೆದೊಯ್ದರು. ಬೇಸಿಗೆಯಲ್ಲಿ ಭತ್ತ ಒಣಗಿಸುವ ಆ ವಿಶಾಲವಾದ ಸಿಮೆಂಟಿನ ಅಂಗಳ ಮಳೆಗಾಲದಲ್ಲಿ ಖಾಲಿಯಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು. ಗಿರಣಿಯವರ ಒಪ್ಪಿಗೆ ಪಡೆದು, ನಡುವೆ ಒಂದು ಗೋಣಿಚೀಲ ಹಾಕಿ, ಅದರ ಸುತ್ತ ಒಂದೇ ಅಳತೆಯ ವೃತ್ತದಲ್ಲಿ ಕಾರನ್ನು ಸುತ್ತಿಸಿದರು. ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ ಥಟ್ಟನೆ ಕಾಲು ತೆಗೆದರು. ಕಾರಿನ ಬಾಲ, ಘಾಟಿಯಲ್ಲಿ ಹೋದಂತೆಯೇ, ಹೊರಕ್ಕೆ ಬೀಸಿತು. ಆಮೇಲೆ ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿ ಮತ್ತೆ ಅದೇ ವೃತ್ತ, ಅದೇ ವೇಗ. ಈ ಸಲ ಬಾಲ ಕದಲಲಿಲ್ಲ. ಮೂತಿ ವೃತ್ತ ಬಿಟ್ಟು ಹೊರಕ್ಕೆ ಸರಿಯಿತು. ಕಾಲು ತೆಗೆದೊಡನೆ ವೇಗ ತಗ್ಗಿ ತಾನಾಗಿ ದಾರಿಗೆ ಬಂತು.

“ನೋಡಿ, ರೋಗ ಟೈರಿನ ಒಟ್ಟಿಗೇ ಮುಂದೆ ಬಂತು. ಇನ್ನು ಸಂಶಯ ಬೇಡ” ಎಂದರು.

ಹೊಸ ಟೈರು ಮುಂದಿರಬೇಕೆಂದೇ ನನ್ನಂಥವರು ತಿಳಿದಿರುತ್ತೇವೆ. ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ ಅಲ್ಲವೇ ಎಂಬುದು ನಮ್ಮ ತರ್ಕ. ಅನುಭವಸ್ಥರ ತರ್ಕ ಬೇರೆ. ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ಕೈಯಲ್ಲೇ ಗೊತ್ತಾಗುತ್ತದೆ. ಹೆದರಿ ಕಾಲು ತೆಗೆದರೂ ಅದು ಗುಣವೇ. ಬಾಲ ಜಾರಿದರೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಹೆದರಿ ಕಾಲು ತೆಗೆದರೆ, ಬ್ರೇಕು ಒತ್ತಿದರೆ, ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಇನ್ನೂ ಹಗುರಾಗಿ ಮತ್ತಷ್ಟು ಜಾರುತ್ತದೆ. ಆದ್ದರಿಂದ ಎರಡೇ ಹೊಸ ಟೈರು ಕೊಳ್ಳುವುದಾದರೆ ಅವು ಹಿಂದೆ ಇರಬೇಕು. ಟೈರು ತಯಾರಿಸುವವರೂ ಹೇಳುವುದು ಇದನ್ನೇ.

ವೇಗದ ಲೆಕ್ಕವನ್ನು ನಾನು ಆಮೇಲೆ ಕಾಗದದ ಮೇಲೆ ಮಾಡಿ ನೋಡಿದೆ. ಹತ್ತು ಮೀಟರ್ ತ್ರಿಜ್ಯದ ತಿರುವೆಂದು ಇಟ್ಟುಕೊಂಡರೆ, 20 ಕಿಲೋಮೀಟರ್ ವೇಗದಲ್ಲಿ ಕಾರನ್ನು ದಾರಿಯಲ್ಲಿ ಹಿಡಿದಿಡಲು ಅದರ ತೂಕದ ಮೂರನೆಯ ಒಂದು ಭಾಗಕ್ಕೆ ಸಮೀಪದ ಬಲ ಬೇಕು. 25ರಲ್ಲಿ ಅರ್ಧ ಬೇಕು. 30ರಲ್ಲಿ ಹತ್ತರಲ್ಲಿ ಏಳು ಪಾಲು ಬೇಕು. ಅಷ್ಟನ್ನೂ ಒದಗಿಸಬೇಕಾದದ್ದು ನೆಲಕ್ಕೆ ತಾಗಿರುವ ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳು. ಐದು ಕಿಲೋಮೀಟರ್ ಎಂದರೆ ನಮಗೆ ಲೆಕ್ಕಕ್ಕಿಲ್ಲ, ತಿರುವಿಗೆ ಲೆಕ್ಕವಿದೆ.

ಹಳೆಯ ಟೈರುಗಳನ್ನು ಮುಂದಿಟ್ಟುಕೊಂಡೇ ಬಯಲು ದಾರಿಯಲ್ಲಿ ನಿಧಾನವಾಗಿ ಉಡುಪಿ ಸೇರಿ, ಮೊದಲು ಎರಡು ಹೊಸ ಟೈರು ಕೊಂಡು ಹಾಕಿಸಿದೆ. ಮೆಕ್ಯಾನಿಕ್ಕು ಅಷ್ಟು ಹೊತ್ತಿನ ಕೆಲಸಕ್ಕೆ ಮುನ್ನೂರು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲು ಒಪ್ಪಿರಲಿಲ್ಲ.

ಆ ರಾತ್ರಿ ತಂದೆಯವರ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಮೇ ತಿಂಗಳ ಮಾತನ್ನೂ ಮರೆಯದೆ ಹೇಳಿದೆ. “ನೀವು ಹೇಳಿದಂತೆ ಕೇಳಬೇಕಾಗಿತ್ತು ಅಪ್ಪಾ” ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಟೈರಿನ ವಿಷಯ ನನಗೇನು ಗೊತ್ತು? ಮಳೆಗಾಲ ಅಂತ ಹೇಳಿದೆ ಅಷ್ಟೆ” ಎಂದರು. ಬಸ್ಸಿನ ಮಾತನ್ನು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಮೂರನೆಯ ದಿನ ಹಿಂದಿರುಗುವಾಗ ಹೆಬ್ರಿಯ ಬಸ್ ನಿಲ್ದಾಣದ ಬಳಿ ಆಗುಂಬೆಯ ಕಡೆಗೆ ಹೊರಟ ಮಿನಿ ಬಸ್ಸೊಂದು ನಿಂತಿತ್ತು. ನಾನು ಕಾರನ್ನು ನಿಧಾನಗೊಳಿಸಿದೆ. ತಂದೆಯವರು ಬಸ್ಸನ್ನೊಮ್ಮೆ ನೋಡಿ, ತಮ್ಮ ಸೀಟಿನ ಬೆಲ್ಟನ್ನು ಎಳೆದು ಸರಿಮಾಡಿಕೊಂಡು, “ಕತ್ತಲಾಗುವುದರೊಳಗೆ ಘಾಟಿ ಹತ್ತು” ಎಂದರು.

ಹತ್ತಿದೆವು. ಪ್ರತಿಯೊಂದು ತಿರುವಿಗೂ ಮೊದಲೇ, ಚಕ್ರ ನೇರವಿರುವಾಗಲೇ ವೇಗ ಇಳಿಸಿ, ಹಾರ್ನು ಮಾಡಿ, ತಿರುವಿನೊಳಗೆ ಕಾಲನ್ನು ಕದಲಿಸದೆ ಸಾಗಿದೆ. ಮೇಲೆ ಮುಟ್ಟಿದಾಗ ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಮೋಡದ ಅಂಚು ಹರಿದು ಪಡುವಣದಲ್ಲಿ ಒಂದು ಬೆಳ್ಳಿಯ ಗೆರೆ ಕಾಣಿಸಿತು. ಮಗಳು ಅದನ್ನು ಸಮುದ್ರವೆಂದಳು; ಮಡದಿ ಮೋಡವೆಂದಳು. ಹೊಸ ಕನ್ನಡಕಕ್ಕೆ ಚೀಟಿ ಬರೆಸಿಕೊಂಡು ಬಂದಿದ್ದ ತಂದೆಯವರು ಮಾತ್ರ ಏನೂ ಹೇಳದೆ, ಕಾರಿನ ಹಿಂದಿನ ಚಕ್ರದ ಬಳಿ ಬಗ್ಗಿ, ಟೈರಿನ ಮೇಲಿನ ಅಂಕಿಗಳನ್ನು ಓದಲು ಪ್ರಯತ್ನಿಸುತ್ತಿದ್ದರು.