ಅಪ್ಪಯ್ಯನ ಎರಡು ಕೈ

ಬಲಗೈಯಲ್ಲಿ ಸೊನ್ನೆ, ಎಡಗೈಯಲ್ಲಿ ಚೌಕ. ಎರಡನ್ನೂ ಒಟ್ಟಿಗೇ ಬರೆಯಿರಿ ನೋಡೋಣ! ಕ್ಯಾಂಟೀನಿನಲ್ಲಿ ಗೆಳೆಯರೆಲ್ಲ ಸೋತರು, ನಾನೂ ಸೋತೆ. ಸೊನ್ನೆಗೆ ಮೂಲೆ ಹುಟ್ಟುತ್ತದೆ, ಚೌಕ ಉರುಟಾಗುತ್ತದೆ.

ನಮ್ಮ ಅಪ್ಪಯ್ಯನಿಗೆ ಇಂಥದ್ದು ನಿತ್ಯದ ಕೆಲಸವಾಗಿತ್ತು. ಮಾಟುಂಗದ ಹೋಟೆಲೊಂದರಲ್ಲಿ 22 ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಬಲಗೈ ಹಿಟ್ಟನ್ನು ಸುತ್ತುತ್ತಿರುವಾಗಲೇ ಎಡಗೈ ಪಕ್ಕದ ದೋಸೆಗೆ ಎಣ್ಣೆ ಬಿಡುತ್ತಿತ್ತು. ಬಾಯಲ್ಲಿ ಸಪ್ಲೈಯರನಿಗೆ ಬೈಗುಳ ಬೇರೆ!

2024ರ ಆಷಾಢದಲ್ಲಿ ಪಾರ್ಶ್ವವಾಯು ಬಡಿಯಿತು. ಬಲಭಾಗ ಬಿದ್ದುಹೋಯಿತು.

ಎರಡು ತಿಂಗಳ ಮೇಲೆ ಒಂದು ಸಂಜೆ ಅವರು ಎಡಗೈಯಲ್ಲಿ ರಬ್ಬರ್ ಚೆಂಡು ಹಿಚುಕುತ್ತಾ ಕೂತಿದ್ದರು. ಮಡಿಲಲ್ಲಿ ಬಿದ್ದಿದ್ದ ಬಲಗೈಯ ಬೆರಳುಗಳು ಮೆಲ್ಲಗೆ ಮಡಚಿಕೊಂಡವು. "ಕಾಣ್ ಮಗಾ, ಬೆರಳ್ ಆಡ್ತಾ ಇತ್ತ್!" ಎಂದು ಅಮ್ಮ ಕೂಗಿದಳು. ಆ ರಾತ್ರಿ ದೇವರಿಗೆ ತುಪ್ಪದ ದೀಪ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಮಾತ್ರ ಹಿಗ್ಗಲಿಲ್ಲ. ಒಂದು ಕೈಗೆ ಜೋರು ಹಾಕಿದರೆ ಇನ್ನೊಂದು ತಾನಾಗಿ ಹಾಗೆ ಮಾಡುವುದುಂಟು, ಅವರಾಗಿಯೇ ಬೇಕೆಂದು ಆಡಿಸಿದ ದಿನ ಬಂದು ಹೇಳಿ, ಎಂದರು ಹಿಂದಿಯಲ್ಲಿ. ಅಮ್ಮನಿಗೆ ಹಿಂದಿ ಅರ್ಧ ತಿಳಿಯುತ್ತದೆ. ಉಳಿದರ್ಧ ನಾನು ಹೇಳಲಿಲ್ಲ.

ಲೈಬ್ರರಿಗೆ ಹೋಗಿ ಕೂತೆ. ಕನ್ನಡ ಮಾಧ್ಯಮದವನು, ಕಾಮರ್ಸಿನವನು ಬೇರೆ. ಇಂಗ್ಲಿಷಿನ ಒಂದು ಅಧ್ಯಾಯಕ್ಕೆ ಮೂರು ಸಂಜೆ ಹಿಡಿಯಿತು. ಬಲಗೈಯನ್ನು ಮುಖ್ಯವಾಗಿ ಆಳುವುದು ಮಿದುಳಿನ ಎಡಭಾಗ, ಎಡಗೈಯನ್ನು ಬಲಭಾಗ. ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ. ಒಂದು ಕೈಯ ಲೆಕ್ಕ ಇನ್ನೊಂದರ ಖಾತೆಗೂ ಸ್ವಲ್ಪ ಸೋರುತ್ತದೆ. ಮೂರ್ಛೆರೋಗದ ಚಿಕಿತ್ಸೆಗೆಂದು ಆ ಸೇತುವೆ ಕತ್ತರಿಸಿದ್ದ ರೋಗಿಗಳು ಎರಡು ಕೈಯಲ್ಲಿ ಎರಡು ಆಕಾರವನ್ನು ತಡವರಿಸದೆ ಬರೆದರೆಂದು 1996ರಲ್ಲಿ ಅಮೆರಿಕದವರು ತೋರಿಸಿದರು. ಸೋರಿಕೆಯಿಂದ ಲಾಭವೂ ಉಂಟು. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದೇ ಕೈಗೆ ಹಿಡಿತದ ಅಭ್ಯಾಸ ಮಾಡಿಸಿದಾಗ ಸುಮ್ಮನಿದ್ದ ಕೈಯ ಬಲವೂ ಹೆಚ್ಚಿತು. ಆ ಪುಟವನ್ನು ಎರಡು ಸಲ ಓದಿದೆ. ಆದರೆ ಅದು ಗಟ್ಟಿಮುಟ್ಟಾದ ಕೈಗಳ ಕಥೆ.

ಈಗ ಅಪ್ಪಯ್ಯ ಎಡಗೈಯಲ್ಲಿ ಸಹಿ ಕಲಿಯುತ್ತಿದ್ದಾರೆ. ಪಾಸ್‌ಬುಕ್ಕಿನಲ್ಲಿರುವುದೇ ಸ್ವಲ್ಪ, ಅದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಅವರ ಹಟ. ಸ್ಲೇಟಿನ ಮೇಲೆ ಬಳಪ ಒತ್ತಿ ಒತ್ತಿ ಬರೆಯುವಾಗ ಅತ್ತ ಬಲಗೈ ಬೆರಳು ಮಡಚುತ್ತವೆ. ಅಮ್ಮ ನನ್ನ ಮುಖ ನೋಡುತ್ತಾಳೆ. ನಾನು ಸ್ಲೇಟು ಒರೆಸಿ ಮತ್ತೆ ಅವರ ಮುಂದಿಡುತ್ತೇನೆ.