ಸಾವಿರದ ಇಪ್ಪತ್ನಾಲ್ಕು ಮನೆಗಳು

1983. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ. ಆ್ಯಪಲ್ ಕಂಪನಿಯ ಮ್ಯಾಕಿಂತೋಷ್ ಕಂಪ್ಯೂಟರಿನ ತಂಡದ ನಡುವೆ, ಸೂಸನ್ ಕೇರ್ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದೀರಿ. ಸುತ್ತಲೂ ಪ್ರೋಗ್ರಾಮರುಗಳು, ಇವರು ಮಾತ್ರ ಕಲೆಯಲ್ಲಿ ಡಾಕ್ಟರೇಟ್ ಪಡೆದವರು. ಇದೇ ತಂಡದಲ್ಲಿದ್ದ ಹೈಸ್ಕೂಲಿನ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಫೋನ್ ಮಾಡಿ ಕರೆದಾಗ, ಕೇರ್ ಒಂದು ಮ್ಯೂಸಿಯಮ್ಮಿಗಾಗಿ ಉಕ್ಕಿನ ಕಾಡುಹಂದಿ ಮಾಡುತ್ತಿದ್ದರು.

ಪರದೆಯ ಪುಟ್ಟ ಚಿತ್ರಗಳನ್ನು, ಅಂದರೆ ಐಕಾನುಗಳನ್ನು, ಬರೆಯಲು ಅವರ ಮುಂದೆ ಗ್ರಾಫ್ ಪುಸ್ತಕ. ಅಡ್ಡ 32, ಉದ್ದ 32, ಒಟ್ಟು 1,024 ಮನೆ. ಒಂದೊಂದನ್ನೂ ಕಪ್ಪು ತುಂಬಬೇಕು, ಇಲ್ಲವೇ ಬಿಳಿಯಾಗಿ ಬಿಡಬೇಕು. ನಡುವಿನ ಬೂದು ಇಲ್ಲ. ಧಾರವಾಡದ ಕಡೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಏನೂ ಬರೆದುಕೊಳ್ಳದೆ ಎಳೆ ಎಣಿಸುತ್ತಲೇ ಗೋಪುರ, ತೇರು ಎಬ್ಬಿಸುತ್ತಾರಲ್ಲ, ಅಂಥದೇ ಲೆಕ್ಕ ಇಲ್ಲಿಯೂ.

ಈಗ ಒಂದು ಮುಖ ಮೂಡುತ್ತಿದೆ. ಪುಟ್ಟ ಕಂಪ್ಯೂಟರ್, ಅದರೊಳಗೆ ಎರಡು ಕಣ್ಣು, ಒಂದು ಮೂಗು, ತುಟಿಯಂಚಿನಲ್ಲಿ ನಗು. ಯಂತ್ರ ಚಾಲೂ ಆದಾಗ ಎಲ್ಲ ಸರಿಯಿದೆ ಎಂದು ಹೇಳಬೇಕಾದ ಮುಖ ಅದು. ತುಟಿಯ ತುದಿಗೆ ಇನ್ನೊಂದು ಮನೆ ತುಂಬಿದರೆ? ನಗು ಹಲ್ಲುಕಿರಿದಂತಾಗುತ್ತದೆ. ಒಂದು ತೆಗೆದರೆ ಮುಖ ಸಪ್ಪಗಾಗುತ್ತದೆ. ಹರ್ಟ್ಸ್‌ಫೆಲ್ಡ್ ಬರೆದುಕೊಟ್ಟ ಐಕಾನ್ ಎಡಿಟರಿನಲ್ಲಿ ಚಿತ್ರ ದೊಡ್ಡದಾಗಿಯೂ ಕಾಣುತ್ತದೆ, ಅದರ ನಿಜ ಅಳತೆಯಲ್ಲಿಯೂ ಕಾಣುತ್ತದೆ. ನೀವು ದೊಡ್ಡದನ್ನೇ ನೋಡಿ ಮೆಚ್ಚುತ್ತೀರಿ. ಚಿಕ್ಕದರ ಕಡೆ ಕಣ್ಣು ಹೊರಳಿಸಿ: ಅದೇ ಗೆರೆಗಳು ಅಲ್ಲಿ ಕಲೆಯಂತೆ ಕಲಸಿಹೋಗಿರಬಹುದು. ಜನರ ಮೇಜಿಗೆ ಹೋಗುವುದು ಚಿಕ್ಕದೇ. 9 ಇಂಚಿನ ಪರದೆ, ಅಡ್ಡಕ್ಕೆ 512 ಚುಕ್ಕಿ, ಉದ್ದಕ್ಕೆ 342. ಕಂಪ್ಯೂಟರನ್ನು ಎಂದೂ ಮುಟ್ಟದವರು ಇದರ ಮುಂದೆ ಕೂರಲಿದ್ದಾರೆ.

'ಕಾಪಿ' ಎಂಬ ಆಜ್ಞೆಗೂ ಒಂದು ಚಿತ್ರ ಬೇಕೆಂದು ಕೇರ್ ಹುಡುಕುತ್ತಾರೆ. ಜೆರಾಕ್ಸ್ ಮೆಷಿನ್ ಬರೆದು ನೋಡುತ್ತಾರೆ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವ ಬೆಕ್ಕು ಕೂಡ ಹೊಳೆಯುತ್ತದೆ. ಇನ್ನೊಬ್ಬರನ್ನು ನಕಲು ಮಾಡುವವರನ್ನು ಇಂಗ್ಲಿಷಿನವರು ಕಾಪಿಕ್ಯಾಟ್ ಎನ್ನುತ್ತಾರಷ್ಟೆ. ಮುದ್ದಾದ ಯೋಚನೆ. ಆದರೆ ಬೆಕ್ಕನ್ನು ಕಂಡವರು ಬೆಕ್ಕನ್ನೇ ನೋಡುತ್ತಾರೆ, ಕೆಲಸ ಮರೆಯುತ್ತಾರೆ. ಬೆಕ್ಕು ಹೊರಗುಳಿಯಿತು. ಹೊಳೆದದ್ದನ್ನೆಲ್ಲ ಉಳಿಸಿಕೊಳ್ಳುವುದು ಸುಲಭ. ಚೆಂದವಾದದ್ದನ್ನೇ ಕೈಬಿಡುವ ಈ ಗಟ್ಟಿತನ ನನಗೆ ಸೃಜನಶೀಲತೆಯ ಅತ್ಯಂತ ಕಷ್ಟದ ಭಾಗವಾಗಿ ಕಾಣುತ್ತದೆ.

ಆಗಸ್ಟ್. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಸಿಡುಕುತ್ತಿದ್ದಾರೆ. ಮೆನುವಿನಲ್ಲಿ ಕೀಲಿಮಣೆಯ ಶಾರ್ಟ್‌ಕಟ್‌ಗಳ ಪಕ್ಕದಲ್ಲೆಲ್ಲ ಕಂಪನಿಯ ಸೇಬು. ಸಾಲು ಸಾಲು ಸೇಬು. ಲಾಂಛನದ ಬೆಲೆಯೇ ಹೋಯಿತು, ತೆಗೆಯಿರಿ ಎನ್ನುತ್ತಾರೆ. ಬದಲಿಗೇನು? ಕೀಲಿಯ ಮೇಲೂ ಅದೇ ಗುರುತು ಅಚ್ಚಾಗಬೇಕು, ಯಾವ ಭಾಷೆಯವರಿಗೂ ಒಪ್ಪಬೇಕು.

ಕೇರ್ ಸಂಕೇತಗಳ ಕೋಶವೊಂದನ್ನು ಬಿಡಿಸುತ್ತಾರೆ. ಪುಟಗಳು ತಿರುಗುತ್ತವೆ. ನೀವೂ ಇಣುಕುತ್ತೀರಿ. ಒಂದು ಪುಟದಲ್ಲಿ ಅವರ ಕಣ್ಣು ನಿಲ್ಲುತ್ತದೆ: ಒಂದು ಚೌಕ, ಅದರ ನಾಲ್ಕು ಮೂಲೆಗೂ ಒಂದೊಂದು ಕುಣಿಕೆ. ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳವನ್ನು ತೋರಿಸುವ ಫಲಕದ ಗುರುತು. ಮೇಲಿನಿಂದ ನೋಡಿದ ಅಲ್ಲಿನ ಬೋರ್ಗ್‌ಹೋಮ್ ಕೋಟೆಯ ನಾಲ್ಕು ದುಂಡು ಬುರುಜುಗಳನ್ನು ಅದು ಹೋಲುತ್ತದೆ ಎಂದು ಕೇರ್ ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ಅವರು ನೋಡಿದ್ದು ಅದರ ಆಕಾರವನ್ನು: 16 ಮನೆ ಅಗಲ, 16 ಮನೆ ಎತ್ತರದಲ್ಲಿ ಚೊಕ್ಕಟವಾಗಿ ಕೂರುತ್ತದೆ, ಅಕ್ಷರದ ಪಕ್ಕ ನಿಂತರೂ ಅಕ್ಷರವೆಂದು ಯಾರೂ ಓದುವುದಿಲ್ಲ. ತಂಡ ಒಪ್ಪಿತು.

1984ರ ಜನವರಿ 24ರಂದು ಮ್ಯಾಕಿಂತೋಷ್ ಹೊರಬಂತು. ಎಡಿಟ್ ಮೆನುವನ್ನು ಎಳೆದು ನೋಡಿ. ಚಿತ್ರ ಸಿಗದ 'ಕಾಪಿ' ಬರಿಯ ಪದವಾಗಿಯೇ ಇದೆ. ಅದರ ಎದುರಿಗೆ, ಅದೇ ಸಾಲಿನಲ್ಲಿ, 'ಸಿ' ಅಕ್ಷರಕ್ಕೆ ಒತ್ತಿಕೊಂಡು ನಾಲ್ಕು ಕುಣಿಕೆಯ ಚೌಕ.